ಒಂದು ಮಂಡಲ ಮುಚ್ಚಿಟ್ಟ ಕಣ್ಣು

ನಿಲ್ಲಿ, ಇಲ್ಲೇ ಬಿಟ್ಟು ಹೋಗಬೇಡಿ. ಮೊದಲು ಸ್ವಲ್ಪ ನನ್ನ ಕೆಲಸದ ಪುರಾಣ ಇರುತ್ತದೆ. ಕ್ಲಿನಿಕ್ಕು, ಕಣ್ಣಿಗೆ ಕಟ್ಟುವ ಪಟ್ಟಿ, ಅಳುವ ಮಕ್ಕಳು, ಬೈಯುವ ಮೇಡಂ. ಅದನ್ನು ಸಹಿಸಿಕೊಳ್ಳಿ. ಆಮೇಲೆ ಸಾನ್ವಿ ಬರುತ್ತಾಳೆ. ನಾಲ್ಕು ವರ್ಷದ ಆ ಹುಡುಗಿಯ ಚೆನ್ನಾಗಿದ್ದ ಕಣ್ಣೇ ಮಂಕಾಗಿ, ಅದು ಮರಳಿ ಬರುತ್ತದೋ ಇಲ್ಲವೋ ಎಂದು ನಾವೆಲ್ಲ ಉಸಿರು ಹಿಡಿದುಕೊಂಡಿದ್ದ ದಿನಗಳಿಗಾಗಿ ಕಾಯಿರಿ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಟೈಪ್ ಮಾಡುತ್ತಿದ್ದೇನೆ.

ನಾನು ನಿವೃತ್ತಳಾಗಿದ್ದೇನೆ ಎಂದರೆ ಜನ ನಗುತ್ತಾರೆ. ನನಗಿನ್ನೂ ನಲವತ್ತಾಗಿಲ್ಲ. ಆದರೆ ಡೊಂಬಿವಲಿ ಪೂರ್ವದಲ್ಲಿ ನಾನು ಕೆಲಸಕ್ಕಿದ್ದ ಕಣ್ಣಿನ ಕ್ಲಿನಿಕ್ಕಿನ ಮೇಡಂ ವಯಸ್ಸಾಯಿತೆಂದು ಬಾಗಿಲು ಮುಚ್ಚಿ ಧಾರವಾಡಕ್ಕೆ ಹೋದಾಗ ನನಗೂ ಇನ್ನೊಂದು ಕಡೆ ಸೇರುವ ಮನಸ್ಸಾಗಲಿಲ್ಲ. ಇನ್ನೊಬ್ಬ ಡಾಕ್ಟರ ಕೈಕೆಳಗೆ ಹೊಸದಾಗಿ ಬೈಸಿಕೊಳ್ಳುವುದಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ ಎನ್ನಿ. ಈಗ ಕಲ್ಯಾಣ, ಠಾಣೆ ಕಡೆಯ ಕ್ಲಿನಿಕ್ಕುಗಳಿಗೆ ಹೊಸದಾಗಿ ಸೇರಿದ ಹುಡುಗಿಯರು ಫೋನ್ ಮಾಡುತ್ತಾರೆ. "ದೀದಿ, ಬಚ್ಚಾ ಪಟ್ಟಿ ನಿಕಾಲ್ ದೇತಾ ಹೈ, ಕ್ಯಾ ಕರೂಂ?" ಮಗು ಪಟ್ಟಿ ಕಿತ್ತುಹಾಕುತ್ತದೆ, ಏನು ಮಾಡಲಿ ಎಂದು. ಅವರಿಗಾಗಿಯೇ ಇದು.

ನನ್ನ ಹತ್ತಿರ ದೊಡ್ಡ ಡಿಗ್ರಿ ಇಲ್ಲ. ಬಿ.ಕಾಂ. ಮುಗಿಸಿ, ಅಪಾಯಿಂಟ್‌ಮೆಂಟ್ ಕೊಡುವ, ಫೋನ್ ಎತ್ತುವ ಕೆಲಸಕ್ಕೆಂದು ಸೇರಿದವಳು. ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಒಂದು ದಿನ ಒಬ್ಬ ತಾಯಿ ಕೌಂಟರಿನ ಹತ್ತಿರ ನಿಂತು ಕೇಳಿದರು: "ಮಗುವಿನ ಕಣ್ಣು ಒಳ್ಳೇದುಂಟು ಅಂತಾರೆ. ಕನ್ನಡಕ ಸರಿ ಉಂಟು ಅಂತಾರೆ. ಮತ್ತೆ ಆ ಒಂದು ಕಣ್ಣಲ್ಲಿ ಕಾಣುದಿಲ್ಲ ಯಾಕೆ?"

ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಹತ್ತಿರ ಕೇಳಿದೆ. ಮೇಡಂ ಡಬ್ಬಿಯ ರೊಟ್ಟಿ ಮುರಿಯುತ್ತ ಹೇಳಿದರು.

"ಕಣ್ಣಿಗೇನೂ ಆಗಿರಂಗಿಲ್ಲವಾ. ಕಣ್ಣಿನ ಹಿಂದ ಮಿದುಳಿನಾಗ ನೋಡು. ಅಲ್ಲಿ ಎರಡೂ ಕಣ್ಣಿನ ಎಳಿ ಒಂದ ಜಾಗಾಕ್ಕ ಹೊಡದಾಡ್ತಿರತಾವ. ಯಾವ ಕಣ್ಣು ಚೊಕ್ಕ ಚಿತ್ರ ಕಳಸತದ, ಅದರ ಎಳಿಗೆ ಕೊಂಬಿ ಒಡೀತಾವ. ಮಬ್ಬ ಕಳಸೂ ಕಣ್ಣಿನ ಕೊಂಬಿ ಹಿಂದ ಸರೀತಾವ. ಅಷ್ಟ."

ಅಷ್ಟೇ ಎಂದುಬಿಟ್ಟರು. ನನಗೆ ರಾತ್ರಿಯೆಲ್ಲ ಅದೇ ಗುಂಗು. ಮರುದಿನದಿಂದ ಸ್ಟೇಷನ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಓದತೊಡಗಿದೆ. ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಆದರೆ ಒಂದು ಸಂಗತಿ ನನ್ನನ್ನು ಹಿಡಿದೇಬಿಟ್ಟಿತು. ಮಗುವಿನ ಮಿದುಳಿನಲ್ಲಿ ನರಕೋಶದ ಕೊಂಬೆಗಳು ಮರದ ಕೊಂಬೆಯಂತೆ ಒಮ್ಮೆ ಬೆಳೆದು ಸುಮ್ಮನೆ ನಿಲ್ಲುವುದಿಲ್ಲವಂತೆ. ಚಾಚುತ್ತವೆ, ತಡಕಾಡುತ್ತವೆ, ಹಿಂದಕ್ಕೆ ಬರುತ್ತವೆ, ಮತ್ತೆ ಬೇರೆ ಕಡೆ ಚಾಚುತ್ತವೆ. ಎಲ್ಲಿ ಆಚೆಯ ಕೋಶದ ಜೊತೆ ಒಟ್ಟೊಟ್ಟಿಗೆ ಮಿಡಿಯುವ ಸಂಬಂಧ ಸಿಗುತ್ತದೋ ಅಲ್ಲಿ ಗಟ್ಟಿಯಾಗುತ್ತವೆ. ಸಿಗದಿದ್ದರೆ ಮಡಚಿಕೊಳ್ಳುತ್ತವೆ. ನಮ್ಮ ಮನೆಯ ಗ್ರಿಲ್ಲಿಗೆ ಅಮ್ಮ ಹಬ್ಬಿಸಿದ ತೊಂಡೆಬಳ್ಳಿಯ ಕುಡಿಗಳು ಕಬ್ಬಿಣದ ಸರಳು ಹುಡುಕುತ್ತವಲ್ಲ, ಹಾಗೆ. ಅಂದರೆ ನಾವು ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಮಿದುಳಿನ ಒಳಗೆ ಸುಮ್ಮನೆ ಬಂದು ಹೋಗುವುದಿಲ್ಲ. ಅದು ಒಳಗಿನ ಆಕಾರವನ್ನೇ ಬದಲಿಸುತ್ತದೆ. ಇದನ್ನು ಓದಿದ ಸಂಜೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಕಂಡ ಮಕ್ಕಳನ್ನೆಲ್ಲ ನಿಲ್ಲಿಸಿ ಹೇಳಬೇಕು ಎನ್ನಿಸಿತ್ತು.

ತಾಯಂದಿರಿಗೆ ಹೇಳುವುದಕ್ಕೆ ನಾನು ಲೋಕಲ್ ಟ್ರೇನಿನ ಉದಾಹರಣೆ ಹಿಡಿದೆ. ಬೆಳಗಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಬರುವ ಗ್ರೂಪಿಗೆ ಅವರವರ ಜಾಗ ಇರುತ್ತದೆ. ಒಬ್ಬಳು ಹೆರಿಗೆ ರಜೆಗೆ ಹೋದರೆ ಆ ಜಾಗ ಖಾಲಿ ಇರುವುದಿಲ್ಲ, ಪಕ್ಕದವಳು ಸರಿದು ಕೂರುತ್ತಾಳೆ. ರಜೆ ಮುಗಿಸಿ ಬಂದವಳು ನಿಂತೇ ಹೋಗಬೇಕು. ಸೋಮಾರಿ ಕಣ್ಣು ಅಂದರೆ ಹೀಗೆ ಜಾಗ ಕಳೆದುಕೊಂಡ ಕಣ್ಣು. ಒಳ್ಳೆಯ ಕಣ್ಣನ್ನು ದಿನಾ ಸ್ವಲ್ಪ ಹೊತ್ತು ಪಟ್ಟಿ ಹಾಕಿ ಮನೆಯಲ್ಲಿ ಕೂರಿಸಿದರೆ ಇದಕ್ಕೆ ಜಾಗ ಸಿಗುತ್ತದೆ.

ಪರದೆಯ ಆಚೆಯಿಂದ ಇದನ್ನು ಕೇಳಿಸಿಕೊಂಡ ಮೇಡಂ ಹೇಳಿದರು, "ಛಲೋ ಹೇಳಿದಿ. ಆದ್ರ ನಿಮ್ಮ ಲೇಡೀಸ್ ಡಬ್ಬಿಯಾಗ ಜಗಳ ಸಾಯೂತನಕ ಇರತದ. ಮಿದುಳಿನಾಗ ವಯಸ್ಸಾಧಂಗ ತಣ್ಣಗಾಗತದ. ಅದಕ್ಕ ಸಣ್ಣವರಿದ್ದಾಗನ ಹಿಡೀಬೇಕು."

ಅವತ್ತಿನಿಂದ ಪಟ್ಟಿಯ ಮಕ್ಕಳ ಜವಾಬ್ದಾರಿ ನನ್ನದಾಯಿತು. ಮಕ್ಕಳ ಬಾಯಲ್ಲಿ ನಾನು "ಪಟ್ಟಿವಾಲಿ ದೀದಿ" ಆದೆ.

ಹೊಸದಾಗಿ ಸೇರುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಪಟ್ಟಿ ಕಟ್ಟಿದಾಗ ಮಗು ಅತ್ತರೆ ಹೆದರಬೇಡಿ. ಪಟ್ಟಿ ಸರಿಯಾಗಿ ಕೂತಿದೆ, ಮಗು ಮಬ್ಬಿನಲ್ಲಿ ಕಷ್ಟಪಡುತ್ತಿದೆ ಎಂದರ್ಥ. ಏನೂ ತಕರಾರಿಲ್ಲದೆ ಮಗು ನಗುನಗುತ್ತ ಆಡುತ್ತಿದ್ದರೆ ಅದರ ಕುತ್ತಿಗೆ ನೋಡಿ. ತಲೆ ಒಂದು ಬದಿಗೆ ವಾಲಿರುತ್ತದೆ. ಮೂಗಿನ ಪಕ್ಕದ ಸಂದಿಯಿಂದ ಕಳ್ಳ ಇಣುಕುತ್ತಿರುತ್ತಾನೆ.

ಇಣುಕುವವರಿಗಿಂತ ದೊಡ್ಡ ಕಳ್ಳನೂ ಒಬ್ಬ ಸಿಕ್ಕಿದ್ದ. ಶಹಾಡ್‌ನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಇಬ್ಬರು ಗಂಡುಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದರು. ಚಿಕ್ಕವನಿಗೆ ಎಂಟು ವರ್ಷ, ಬಲಗಣ್ಣು ಸೋಮಾರಿ. ಒಂದು ಸಲ ಬಂದವನು ಆ ಕಣ್ಣಿನಿಂದ ಚಾರ್ಟಿನ ಕೊನೆಯ ಸಾಲಿನವರೆಗೂ ಪಟಪಟ ಓದಿಬಿಟ್ಟ. ಅಪ್ಪನಿಗೆ ಸಂತೋಷವೋ ಸಂತೋಷ. "ಹಾಗಾದರೆ ಪಟ್ಟಿ ಸಾಕಲ್ಲ?" ಎಂದು ಎದ್ದೇಬಿಟ್ಟರು. ಅಷ್ಟರಲ್ಲಿ ಮೇಡಂ ಒಳಗೆ ಬಂದವರು ಚಾರ್ಟಿನ ಕಡೆ ನೋಡಿ ನಿಂತರು.

"ಪ್ರತಿಮಾ, ಲೈಟ್ ಹಾಕಿಲ್ಲಲ್ಲ?"

ಹೌದು. ಅಣ್ಣ ಓದಿ ಎದ್ದ ಮೇಲೆ ಚಾರ್ಟಿನ ಪೆಟ್ಟಿಗೆಯ ಟ್ಯೂಬ್ ಕೆಟ್ಟು ಹೋಗಿತ್ತು, ಚಾರ್ಟ್ ನನಗೂ ಬಾಯಿಪಾಠವಾದ್ದರಿಂದ ನಾನು ಗಮನಿಸಿರಲಿಲ್ಲ. ಆ ಮಬ್ಬಿನಲ್ಲಿ ನನಗೇ ಅಕ್ಷರ ಕಾಣುತ್ತಿರಲಿಲ್ಲ. ಮೇಡಂ ಹುಡುಗನ ಕೆನ್ನೆ ತಟ್ಟಿದರು. "ಇಂಥಾ ಕಣ್ಣು ನನಗೂ ಬೇಕಲೇ ಮರಿ. ಎಲ್ಲಿ ಸಿಗತಾವ?"

ಅವನು ಹೊರಗೆ ಬೆಂಚಿನ ಮೇಲೆ ಕೂತು, ಒಳಗೆ ಅಣ್ಣ ಓದುವುದನ್ನು ಪರದೆಯ ಆಚೆಯಿಂದ ಕೇಳಿ ಬಾಯಿಪಾಠ ಮಾಡಿದ್ದ. ಶಾಲೆಯಲ್ಲಿ ಹುಡುಗರು ಕಾಣಾ ಕಾಣಾ, ಅಂದರೆ ಒಕ್ಕಣ್ಣ, ಎಂದು ಗೋಳು ಹೊಯ್ಯುತ್ತಿದ್ದರಂತೆ, ಪಟ್ಟಿ ಹೋದರೆ ಸಾಕಾಗಿತ್ತು. ಅವತ್ತಿನಿಂದ ನಮ್ಮಲ್ಲಿ ಚಾರ್ಟ್ ಎರಡಾದವು, ಓದಿಸುವುದು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಆ ಹುಡುಗನಿಗೆ ಶಾಲೆಯ ಹೊತ್ತು ಬಿಟ್ಟು ಮನೆಯಲ್ಲಷ್ಟೇ ಪಟ್ಟಿ ಎಂದು ಮೇಡಂ ಒಪ್ಪಿದರು. ಅವನೂ ಒಪ್ಪಿದ. ಆಮೇಲೆ ಕಣ್ಣು ನಿಜವಾಗಿಯೇ ಸುಧಾರಿಸಿತು.

ಈಗ ಸಾನ್ವಿ.

ಶೇಖರಣ್ಣ ಉಡುಪಿ ಕಡೆಯವರು, ಶಹಾಡ್ ಸ್ಟೇಷನ್ ಹೊರಗೆ ಸಣ್ಣ ಹೋಟೆಲ್. ಮನೆ ಕಲ್ಯಾಣದಲ್ಲಿ. ಹೆಂಡತಿ ವನಿತಾ. ಇವರಿಗೆ ಒಬ್ಬಳೇ ಮಗಳು. ಅವಳು ಒಂದು ದಿನ ಟೀವಿ ನೋಡುತ್ತ ಬಲಗಣ್ಣಿನ ಮೇಲೆ ಕೈಯಿಟ್ಟುಕೊಂಡು "ಮಮ್ಮೀ, ಟೀವೀ ಗಂದಾ ಹೋ ಗಯಾ" ಎಂದಳಂತೆ, ಟೀವಿ ಕೊಳೆಯಾಯಿತು ಎಂದು. ಕೈ ತೆಗೆದರೆ "ಅಬ್ ಅಚ್ಛಾ." ವನಿತಾ ಮೊದಲು ಆಟ ಅಂದುಕೊಂಡರು, ಆಮೇಲೆ ಎದೆ ಧಸಕ್ಕೆಂದು ನಮ್ಮಲ್ಲಿಗೆ ಕರೆತಂದರು. ಎಡಗಣ್ಣಿಗೆ ದೊಡ್ಡ ನಂಬರ್ ಇತ್ತು, ಬಲಗಣ್ಣು ಚೆನ್ನಾಗಿತ್ತು. ಹಾಗಾಗಿ ಕನ್ನಡಕ, ಜೊತೆಗೆ ಬಲಗಣ್ಣಿಗೆ ಪಟ್ಟಿ, ದಿನಾ ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ. ನಮ್ಮಲ್ಲಿ ಹೊತ್ತು ಹೇಳುವ ಕ್ರಮ ಹೀಗೆ, ಗಡಿಯಾರ ನೋಡಲು ಯಾರಿಗೆ ಪುರಸೊತ್ತು?

ಪಟ್ಟಿ ಕಟ್ಟಿದ ಹೊತ್ತಿನಲ್ಲಿ ಎಡಗಣ್ಣಿಗೆ ಹತ್ತಿರದ ಕೆಲಸ ಕೊಡಬೇಕು. ನಾವು ಬಣ್ಣ ತುಂಬುವ ಹಾಳೆ ಕೊಡುತ್ತಿದ್ದೆವು. ಶೇಖರಣ್ಣ ಅದನ್ನು ನೋಡಿ, "ಇದೆಂತ ಮಾರಾಯ್ರೆ, ನಮ್ಮ ಹೋಟ್ಲಲ್ಲಿ ಕೆಲಸಕ್ಕೆ ಬರ ಉಂಟಾ?" ಎಂದು ಮಗಳನ್ನು ಹೋಟೆಲಿಗೆ ಕರೆದೊಯ್ದು, ಹಿಂದಿನ ಕೋಣೆಯಲ್ಲಿ ಒಂದು ಮೊರ ಉದ್ದಿನಬೇಳೆ ಕೊಟ್ಟು ಕಲ್ಲು ಆರಿಸಲು ಕೂರಿಸಿದರು. ಬೇಳೆಯಲ್ಲಿ ಕಲ್ಲು ಇಲ್ಲದ ದಿನ ತಾವೇ ನಾಲ್ಕು ಮೆಂತೆಕಾಳು ಬೆರೆಸುತ್ತಿದ್ದರಂತೆ. ಮೇಡಂಗೆ ಇದು ಬಹಳ ಹಿಡಿಸಿತು. ಎರಡು ತಿಂಗಳಲ್ಲಿ ಸಾನ್ವಿಯ ಎಡಗಣ್ಣು ಚಿತ್ರದ ಚಾರ್ಟಿನಲ್ಲಿ ಎರಡು ಸಾಲು ಕೆಳಗಿಳಿದಿತ್ತು. ಅಂದರೆ ಇನ್ನೂ ಸಣ್ಣ ಚಿತ್ರಗಳನ್ನು ಗುರುತಿಸುತ್ತಿದ್ದಳು. ಎಲ್ಲರಿಗೂ ಖುಷಿ.

ಆ ಖುಷಿಯೇ ಎಡವಟ್ಟಾಯಿತು.

ಮುಂದಿನ ತಾರೀಖಿಗೆ ಅವರು ಬರಲಿಲ್ಲ. ಫೋನ್ ಮಾಡಿದೆ. ಹೋಟೆಲಿನ ಗದ್ದಲದ ನಡುವೆ ಶೇಖರಣ್ಣನ ಧ್ವನಿ. "ಬರ್ತೇವೆ ಪ್ರತಿಮಾ, ಒಂದು ಕೆಲಸ ಹಿಡಿದಿದ್ದೇವೆ, ಮುಗಿಸಿಯೇ ಬರ್ತೇವೆ." ಇನ್ನೊಮ್ಮೆ ಮಾಡಿದೆ. "ನಡುವೆ ಬರ್ಲಿಕ್ಕಾಗುದಿಲ್ಲ, ಪೂರ್ತಿ ಆಗ್ಲಿ." ಹೋಟೆಲಿಗೆ ಬಣ್ಣ ಹೊಡೆಸುತ್ತಿದ್ದಾರೆ ಎಂದುಕೊಂಡೆ.

ಬಂದದ್ದು ಒಂದು ಶನಿವಾರ. ಮೈಸೂರ್‌ಪಾಕಿನ ಡಬ್ಬಿ ಸಮೇತ. ಸಾನ್ವಿಯನ್ನು ಕುರ್ಚಿಯ ಮೇಲೆ ಕೂರಿಸಿ ಬಲಗಣ್ಣು ಮುಚ್ಚಿ ಓದಿಸಿದೆ. ಎಡಗಣ್ಣು! ಕೊಡೆ, ಮನೆ, ಬಾತುಕೋಳಿ, ಹೂವು. ಕೊನೆಯ ಸಾಲಿನವರೆಗೆ ಒಂದೂ ತಪ್ಪಿಲ್ಲ. ಚಾರ್ಟ್ ಬದಲಿಸಿದರೂ ಅಷ್ಟೇ. ಶೇಖರಣ್ಣ ಡಬ್ಬಿಯ ದಾರ ಬಿಚ್ಚತೊಡಗಿದರು.

ನಾನು ರೂಢಿಯಂತೆ ಎಡಗಣ್ಣು ಮುಚ್ಚಿದೆ. ಸಾನ್ವಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಬಡಾ ವಾಲಾ ದಿಖಾಓ ನಾ, ದೀದಿ."

ದೊಡ್ಡದು ತೋರಿಸಿದೆ. ಹೇಳಿದಳು. ಅದರ ಕೆಳಗಿನದು ತಡವರಿಸಿ ಹೇಳಿದಳು. ಅದಕ್ಕೂ ಕೆಳಗೆ, "ನಹೀ ದಿಖತಾ." ಕಾಣುವುದಿಲ್ಲವಂತೆ. ದಣಿದಿರಬೇಕೆಂದು ನೀರು ಕುಡಿಸಿದೆ. ಕನ್ನಡಕದ ಗಾಜು ಒರೆಸಿದೆ. ಮತ್ತೆ ಕೇಳಿದೆ. "ಬೋಲಾ ನಾ, ನಹೀ ದಿಖತಾ!" ಮೊದಲ ದಿನದಿಂದ ಕೊನೆಯ ಸಾಲು ಓದುತ್ತಿದ್ದ ಕಣ್ಣು ಅದು.

ನಾನು ಮೇಡಂ ಅವರನ್ನು ಕರೆದೆ. ಮೇಡಂ ಬಂದರು, ಲೆನ್ಸ್ ಹಾಕಿ ನೋಡಿದರು, ಔಷಧಿ ಬಿಟ್ಟು ಒಳಗೆಲ್ಲ ನೋಡಿದರು. ಕಣ್ಣು ಆರೋಗ್ಯವಾಗಿತ್ತು. ದೀಪ ಆರಿಸಿ ಸ್ಟೂಲಿನ ಮೇಲೆ ಕೂತರು.

"ಪಟ್ಟಿ ದಿನಾ ಎಷ್ಟ ಹೊತ್ತ ಕಟ್ಟೀರಿ?"

ಶೇಖರಣ್ಣನ ಮುಖದಲ್ಲಿ ಇನ್ನೂ ಹೆಮ್ಮೆ ಇತ್ತು. "ಎದ್ದಲ್ಲಿಂದ ಮಲಗುವವರೆಗೆ ಡಾಕ್ಟ್ರೆ. ಒಂದು ಮಂಡಲ. ಒಂದು ದಿನ ತಪ್ಪಲಿಲ್ಲ."

"ಮಂಡಲ?"

"ನಲವತ್ತೆಂಟು ದಿನ. ನಮ್ಮಲ್ಲಿ ಮದ್ದು ಅಂದ್ರೆ ಮಂಡಲವೇ ಅಲ್ವಾ? ಅರ್ಧಕ್ಕೆ ಬಿಟ್ರೆ ಮದ್ದು ಹಿಡಿಯುದಿಲ್ಲ, ನಡುವೆ ವೈದ್ಯರನ್ನು ಸಹಾ ನೋಡ್ಬಾರ್ದು. ಸ್ವಲ್ಪ ಹೊತ್ತು ಕಟ್ಟಿದ್ದಕ್ಕೇ ಅಷ್ಟು ಗುಣ ಕಂಡಿತು, ಪೂರ್ತಿ ಕಟ್ಟಿದ್ರೆ ಬೇರು ಸಮೇತ ಹೋಗ್ತದೆ ಅಂತ. ಪಥ್ಯ ಸಹಾ ಮಾಡಿದ್ದೇವೆ. ಬದನೆಕಾಯಿ ಇಲ್ಲ, ಹುಳಿ ಇಲ್ಲ. ನೀವು ಕೊಟ್ಟ ಪಟ್ಟಿ ಮುಗಿಯಿತು, ಮೆಡಿಕಲ್‌ನಿಂದ ಹತ್ತಿ, ಟೇಪು ತಂದು ನಾನೇ ಮಾಡಿದೆ."

ವನಿತಾ ಕಿಟಕಿಯ ಕಡೆ ನೋಡುತ್ತ ಹೇಳಿದರು, "ನಾನು ಹೇಳಿದ್ದೆ. ಬರ್ತ್‌ಡೇ ದಿನ ಆದ್ರೂ ತೆಗೆಯುವಾ ಅಂತ. ಕೇಳ್ಬೇಕಲ್ಲ."

ಮೇಡಂ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮೆಲ್ಲಗೆ ಹೇಳಿದರು, "ನೋಡ್ರಿ ಶೇಖರ್, ಇದು ಕಷಾಯ ಅಲ್ಲ. ಮುಚ್ಚಿದ ಕಣ್ಣಿಂದ ಮಿದುಳಿಗೆ ಏನೂ ಹೋಗಿಲ್ಲ. ತೆರೆದ ಕಣ್ಣು ದಿನಪೂರ್ತಿ ದುಡದದ. ನಾಕ ವರ್ಷದ ಕೂಸಿನ ಮಿದುಳು ಮೆತ್ತಗಿರತದ, ಯಾರ ದುಡೀತಾರ ಅವರಿಗೆ ಜಾಗಾ ಬಿಟ್ಟುಕೊಡತದ. ಎಡಗಣ್ಣಿನ ಕೊಂಬಿ ಹಬ್ಬ್ಯಾವ, ಬಲಗಣ್ಣಿನವು ಹಿಂದ ಸರದಾವ. ನಡುವ ನೀವು ಬಂದಿದ್ರ ನಾ ನಿಲ್ಲಸತಿದ್ದೆ. ಅದಕ್ಕ ತಾರೀಖ ಕೊಡೂದು."

ಶೇಖರಣ್ಣನ ಕೈ ಡಬ್ಬಿಯ ಮೇಲೆಯೇ ನಿಂತಿತ್ತು. "ಹಾಗಾದ್ರೆ ಈಗ ಎಡಕ್ಕೆ ಕಟ್ತೇವೆ. ಇನ್ನೊಂದು ಮಂಡಲ."

"ಅಯ್ಯ ಶಿವನ! ಏನೂ ಕಟ್ಟಬ್ಯಾಡ್ರಿ. ಎರಡೂ ಕಣ್ಣು ತೆರದಿರಲಿ. ಕನ್ನಡಕ ಹಾಕ್ರಿ, ಆಡಾಕ ಬಿಡ್ರಿ. ಎರಡು ವಾರ ಬಿಟ್ಟು ಬರ್ರಿ."

"ಬರ್ತದಲ್ಲ ಡಾಕ್ಟ್ರೆ? ಗ್ಯಾರಂಟಿ ಉಂಟಲ್ಲ?"

"ಬಹಳ ಮಕ್ಕಳಿಗೆ ಬರತದ. ಗ್ಯಾರಂಟಿ ಮಿಕ್ಸರಿಗೆ ಕೊಡತಾರ್ರೀ, ಕಣ್ಣಿಗೆ ಯಾರೂ ಕೊಡಂಗಿಲ್ಲ."

ಶೇಖರಣ್ಣ ಡಬ್ಬಿಯ ದಾರ ಮತ್ತೆ ಕಟ್ಟಿದರು, ಗಂಡ ಹೆಂಡತಿ ಮೆಟ್ಟಿಲಿಳಿದರು. ನಡುವೆ ಇಬ್ಬರ ಕೈ ಹಿಡಿದು ಜೋತಾಡುತ್ತಿದ್ದವಳಿಗೆ ಮಾತ್ರ ಪಟ್ಟಿ ಹೋದ ಸಂಭ್ರಮ.

ಹೋಟೆಲ್ ನಡೆಸುವ ಮನುಷ್ಯನಿಗೆ "ಏನೂ ಮಾಡಬೇಡಿ" ಎನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿಯುತ್ತಲೇ ಕ್ಲಿನಿಕ್ಕಿನ ಫೋನ್ ಹೊಡೆದುಕೊಳ್ಳುತ್ತಿತ್ತು.

"ಪ್ರತಿಮಾ, ಕ್ಯಾರೆಟ್ ಕೊಡುವುದಾ?"

"ಕೊಡಿ ಅಣ್ಣ, ತಿಂದರೆ ಒಳ್ಳೆಯದೇ. ಆದರೆ ಇದಕ್ಕೆ ಅಲ್ಲ."

"ಬೇಳೆ ಆರಿಸುದು?"

"ಬೇಡ. ಆಡಲಿ."

"ನಾನು ಎಂತ ಮಾಡ್ಲಿ ಹೇಳು."

"ಏನೂ ಮಾಡಬೇಡಿ ಅಣ್ಣ."

ಒಂದು ದಿನ ವನಿತಾ ಫೋನ್ ಮಾಡಿದರು. "ಇವರು ರಾತ್ರಿ ಮಗಳು ಮಲಗಿದ ಮೇಲೆ ಅವಳ ಹತ್ರ ಕೂತು ಕಣ್ಣಿನ ಮೇಲೆ ಕೈಯಾಡಿಸ್ತಾರೆ. ನನಗೆ ಸಿಟ್ಟೂ ಬರ್ತದೆ, ಪಾಪವೂ ಅನಿಸ್ತದೆ. ನಾನು ಯಾರ ಹತ್ರ ಜಗಳ ಮಾಡುದು ಹೇಳಿ."

ಎರಡು ವಾರವಾಯಿತು. ಬಂದರು. ಓದಿಸಿದೆ. ಬಲಗಣ್ಣು ಅಲ್ಲೇ ನಿಂತಿತ್ತು. ಒಂದು ಸಾಲೂ ಇಳಿದಿರಲಿಲ್ಲ.

ಮೇಡಂ ಗಂಡ ಹೆಂಡತಿಯ ಎದುರಿಗೆ, "ಇನ್ನೂ ಹೊತ್ತದ. ಮತ್ತೆರಡು ವಾರ ನೋಡೂಣ" ಎಂದು ಸಲೀಸಾಗಿ ಹೇಳಿದರು. ಅವರು ಹೋದ ಮೇಲೆ ಮಾತ್ರ ಬೀರುವಿನ ಮೇಲಿನ ದಪ್ಪ ಪುಸ್ತಕ ಇಳಿಸಿ ಧೂಳು ಒರೆಸುವುದನ್ನು ನೋಡಿದೆ.

ಆ ಭಾನುವಾರ ವಾಶಿಯಲ್ಲಿ ಮಿದುಳಿನ ಬಗ್ಗೆ ಸಾರ್ವಜನಿಕರಿಗೊಂದು ಭಾಷಣ ಇದೆ ಎಂದು ಪೇಪರಿನಲ್ಲಿ ಓದಿದ್ದೆ. ಅಮ್ಮ, "ರಜೆಯ ದಿನವೂ ಕಣ್ಣೇ, ಮಿದುಳೇ. ನಿನ್ನನ್ನು ಯಾರು ಮದುವೆ ಆಗ್ತಾರೆ?" ಎಂದರೂ ಕೇಳದೆ ಹೊರಟೆ. ಠಾಣೆಯಲ್ಲಿಳಿದು ವಾಶಿ ಗಾಡಿ ಹಿಡಿದೆ. ಸಭಾಂಗಣದ ತುಂಬ ಕಾಲೇಜು ಹುಡುಗರು, ನಿವೃತ್ತ ಹಿರಿಯರು. ಭಾಷಣ ಇಂಗ್ಲಿಷಿನಲ್ಲಿ. ಅರ್ಧ ತಲೆಯ ಮೇಲಿಂದ ಹೋಯಿತು. ಆದರೆ ನಡುವೆ ಭಾಷಣ ಮಾಡುತ್ತಿದ್ದ ಹಿರಿಯರು ಒಂದು ಪುಟ್ಟ ಚಿತ್ರ ತೋರಿಸಿದರು. ಗೊದಮೊಟ್ಟೆಯ ಮಿದುಳಿನೊಳಗಿನ ಒಂದೇ ಒಂದು ನರಕೋಶ. ಗಂಟೆಗಳ ಕಾಲ ತೆಗೆದ ಚಿತ್ರಗಳನ್ನು ವೇಗವಾಗಿ ಓಡಿಸಿದ್ದು.

ನಾನು ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದದ್ದು ಅಲ್ಲಿ ಕಣ್ಣೆದುರಿಗೆ ನಡೆಯುತ್ತಿತ್ತು. ಕತ್ತಲಿನ ಪರದೆಯ ಮೇಲೆ ಹಸಿರು ಮಿಂಚಿನಂಥ ಒಂದು ಗಿಡ. ಅದರ ಸಣ್ಣ ಸಣ್ಣ ಕೊಂಬೆಗಳು ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಬಂದು, ಒಂದು ಕ್ಷಣವೂ ಸುಮ್ಮನಿರದೆ ತುಡಿಯುತ್ತಿದ್ದವು. ಗೊದಮೊಟ್ಟೆಗೆ ಬೆಳಕು ತೋರಿಸಿದಾಗ ಕೊಂಬೆಗಳು ಇನ್ನೂ ಹೆಚ್ಚು ಬೆಳೆಯುತ್ತವೆ ಎಂದರು.

ಪ್ರಶ್ನೆಯ ಹೊತ್ತಿಗೆ ನಾನು ಕೈ ಎತ್ತಿದೆ. ಇಂಗ್ಲಿಷಿನಲ್ಲಿ ಶುರು ಮಾಡಿ ಹಿಂದಿಗೆ ಜಾರಿದೆ. ನಾಲ್ಕು ವರ್ಷದ ಮಗು, ಒಳ್ಳೆಯ ಕಣ್ಣನ್ನು ಹೆಚ್ಚು ದಿನ ಮುಚ್ಚಿದರು, ಅದರ ಕೊಂಬೆಗಳು ಒಣಗಿದವು, ಮತ್ತೆ ಚಿಗುರುತ್ತವೆಯೇ ಎಂದು ಕೇಳಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ವೇದಿಕೆಯ ಮೇಲಿದ್ದ ಹಿರಿಯರು ಕನ್ನಡಕ ತೆಗೆದು ನನ್ನತ್ತ ನೋಡಿದರು. ಅವರೂ ಹಿಂದಿಯಲ್ಲೇ ಉತ್ತರಿಸಿದರು. "ಒಣಗಿದವು ಅನ್ನಬೇಡಮ್ಮ. ಹಿಂದೆ ಸರಿದವು ಅನ್ನು. ಒಣಗಿದ್ದು ಬೇರೆ, ಸರಿದದ್ದು ಬೇರೆ. ಕೋಶ ಬದುಕಿದೆ. ಅದಕ್ಕೆ ಮತ್ತೆ ಕೆಲಸ ಸಿಕ್ಕಿದರೆ, ವಯಸ್ಸು ಚಿಕ್ಕದಿದ್ದರೆ, ಅದು ಮತ್ತೆ ಚಾಚಬಹುದು. ಆದರೆ ನೀನು ಹೇಳುವ ಆ ಮಗುವಿಗೆ ಏನಾಗುತ್ತದೆ ಎಂದು ನಾನು ಇಲ್ಲಿ ನಿಂತು ಹೇಳಲಾರೆ. ಅದನ್ನು ನೋಡುವವರು ನೀವು."

ಇದೂ ಗ್ಯಾರಂಟಿ ಅಲ್ಲ. ಆದರೆ ವಾಪಸ್ ಗಾಡಿಯಲ್ಲಿ ಐರೋಲಿ ದಾಟುವಾಗ ಬಾಗಿಲ ಗಾಳಿಗೆ ನಿಂತು ನಾನು ಹಲವು ದಿನಗಳ ಮೇಲೆ ಸರಿಯಾಗಿ ಉಸಿರಾಡಿದೆ. ಸರಿದದ್ದು, ಒಣಗಿದ್ದಲ್ಲ. ಮರುದಿನ ಫೋನ್ ಬಂದಾಗ ಶೇಖರಣ್ಣನಿಗೂ ಇದನ್ನೇ ಹೇಳಿದೆ. "ಸರಿದದ್ದು" ಎಂದು ಒಮ್ಮೆ ತಾವೇ ಹೇಳಿಕೊಂಡು ಫೋನಿಟ್ಟರು.

ಮತ್ತೆರಡು ವಾರ ಕಳೆದು ಅವರು ಬಂದಾಗ ವನಿತಾ ಬಾಗಿಲಲ್ಲೇ ಗಂಡನನ್ನು ತಡೆದರು. "ನೀವು ಹೊರಗೇ ಇರಿ. ನಿಮ್ಮ ಮುಖ ನೋಡಿದ್ರೆ ಅವಳಿಗೆ ಇದ್ದದ್ದೂ ಕಾಣುದಿಲ್ಲ." ಶೇಖರಣ್ಣ ಪರದೆಯ ಆಚೆ ನಿಂತರು. ಚಪ್ಪಲಿ ತೆಗೆದ ಅವರ ಪಾದಗಳು ಮಾತ್ರ ಪರದೆಯ ಕೆಳಗಿನಿಂದ ಕಾಣುತ್ತಿದ್ದವು.

ನಾನು ಬಲಗಣ್ಣಿನಿಂದಲೇ ಶುರು ಮಾಡಿದೆ. ಎಡಗಣ್ಣು ಮುಚ್ಚಿದೆ. ಮೊದಲ ಸಾಲು, ಎರಡನೆಯದು. ಸಾನ್ವಿ ಕಾಲು ಆಡಿಸುತ್ತ ಹೇಳುತ್ತಿದ್ದಳು. ಮೂರನೆಯ ಸಾಲಿಗೆ ಕಡ್ಡಿ ಇಟ್ಟೆ. ಕಳೆದ ಸಲ ನಿಂತದ್ದು ಇಲ್ಲೇ.

"ಛತ್ರಿ."

ಮುಂದಿನದು.

"ಘರ್."

ಕಡ್ಡಿ ಕೆಳಗಿನ ಸಾಲಿಗೆ ಇಳಿಯಿತು. ಅವಳ ಮುಖವನ್ನೇ ನೋಡುತ್ತ ಕಡ್ಡಿಯನ್ನು ಎರಡು ಚಿತ್ರಗಳ ನಡುವೆ ಇಟ್ಟಿದ್ದೆ. "ದೀದಿ, ಬರಾಬರ್ ಪಕಡೋ ನಾ" ಎಂದು ಕಡ್ಡಿ ಸರಿಯಾಗಿ ಹಿಡಿಯದ್ದಕ್ಕೆ ನನಗೇ ಬೈದಳು. ಹೂವು ಅಂದಳು. ಮತ್ತೂ ಕೆಳಗೆ. ಬಾತುಕೋಳಿ ಅಂದಳು. ಕೊನೆಯ ಸಾಲು. ಮನೆ. ಕೊಡೆ. ಹೂವು. ಬಾತುಕೋಳಿ.

ಪರದೆಯ ಕೆಳಗಿನ ಪಾದಗಳು ಒಂದು ಹೆಜ್ಜೆ ಮುಂದೆ ಬಂದವು. ಆಚೆಯಿಂದ ಶೇಖರಣ್ಣನ ಧ್ವನಿ. "ಪ್ರತಿಮಾ, ಯಾವ ಕಣ್ಣು?"

ಓದಿದ್ದು ಕೇಳಿದ್ದರು. ಆದರೆ ಯಾವ ಕಣ್ಣಿನ ಓದು ಎಂದು ಆಚೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ನಾನು ಬಾಯಿ ತೆರೆಯುವ ಮೊದಲೇ ಸಾನ್ವಿ ಕುರ್ಚಿಯಿಂದ ಜಿಗಿದು ಓಡಿ ಪರದೆ ಸರಿಸಿದಳು. ಎಡಗಣ್ಣಿನ ಮೇಲೆ ಅಂಗೈ ಒತ್ತಿ ಹಿಡಿದು, ಬಲಗಣ್ಣನ್ನು ದೊಡ್ಡದಾಗಿ ತೆರೆದು ಅಪ್ಪನ ಮುಖಕ್ಕೆ ಮುಖ ತಂದಳು.

"ಯೇ ವಾಲಾ, ಪಪ್ಪಾ. ಅಬ್ ದೂಸ್ರಾ ಭೀ ದಿಖಾಊಂ?" ಈ ಕಣ್ಣು, ಇನ್ನೊಂದನ್ನೂ ತೋರಿಸಲೇ ಎಂದು.

ಶೇಖರಣ್ಣ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ವನಿತಾ ಹೋಗಿ ಅವರ ಪಕ್ಕದಲ್ಲಿ ಕೂತರು. ಕಾಯುತ್ತಿದ್ದ ಪೇಷೆಂಟುಗಳು ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು.

ಎಡಗಣ್ಣನ್ನೂ ಓದಿಸಿದೆವು. ಕೊನೆಯ ಸಾಲಿನಲ್ಲಿ ಒಂದು ಚಿತ್ರ ತಪ್ಪಿತು, ಅಷ್ಟೇ. ಮೇಡಂ ತಾವೇ ಇನ್ನೊಮ್ಮೆ ಎಲ್ಲ ಪರೀಕ್ಷೆ ಮಾಡಿ ಹೊರಗೆ ಬಂದು ನಿಂತರು.

"ಏಳ್ರಿ ಶೇಖರ್. ಕೂಸಿಗೆ ಎರಡೂ ಕಣ್ಣು ಬಂದಾವ. ಎಡಗಣ್ಣು ಜಾರಬಾರದು, ಅದಕ್ಕ ಮುಂದ ಬೇಕಾದ್ರ ಬಲಗಣ್ಣಿಗೆ ಸ್ವಲ್ಪ ಹೊತ್ತ ಪಟ್ಟಿ ಹಾಕೂಣ. ಎಷ್ಟ ಹೊತ್ತ ಅಂತ ನಾ ಹೇಳತೀನಿ, ಯಾವಾಗ ನಿಲ್ಲಸೂದು ಅಂತನೂ ನಾನ ಹೇಳತೀನಿ. ತಿಳೀತಿಲ್ಲ?"

"ತಿಳೀತು ಡಾಕ್ಟ್ರೆ" ಎಂದರು ಶೇಖರಣ್ಣ ನೆಲದಿಂದಲೇ. "ಇವಳ ಹತ್ರ ಹೇಳಿ. ಇವಳು ಹೇಳಿದ್ದನ್ನು ನಾನು ಮಾಡ್ತೇನೆ."

ವನಿತಾ ನಕ್ಕರು. ಒಂದು ತಿಂಗಳಲ್ಲಿ ನಾನು ಅವರ ನಗು ನೋಡಿದ್ದು ಅದೇ ಮೊದಲು.

ಆಮೇಲೆ ನಮ್ಮ ಕ್ರಮ ಬದಲಾಯಿತು. ಮುಂದಿನ ತಾರೀಖಿಗೆ ಬೇಕಾಗುವಷ್ಟೇ ಪಟ್ಟಿ ಕೊಡುತ್ತಿದ್ದೆವು, ಒಂದೂ ಹೆಚ್ಚಿಲ್ಲ. ಕರಾವಳಿಯವರು ಬಂದರೆ ಮೊದಲ ದಿನವೇ "ಇದು ಮಂಡಲದ ಮದ್ದಲ್ಲ" ಎಂದು ಹೇಳಿಬಿಡುತ್ತಿದ್ದೆ. ಕೆಲವರು ಮುಖ ಸಣ್ಣ ಮಾಡುತ್ತಿದ್ದರು, ಮಾಡಲಿ. ಮುಂದಿನ ದಶಕದಲ್ಲಿ ಇನ್ನೂ ಎಷ್ಟೋ ಬದಲಾದವು. ಚರ್ಮ ಕೀಳುವ ಟೇಪು ಹೋಗಿ ಬೊಂಬೆಯ ಚಿತ್ರದ ಮೆತ್ತನೆಯ ಪಟ್ಟಿ ಬಂತು. ಒಳ್ಳೆಯ ಕಣ್ಣನ್ನು ಸ್ವಲ್ಪ ಮಂಕು ಮಾಡುವ ಹನಿ ಔಷಧಿ ಕೊಡುವುದು ಹೆಚ್ಚಾಯಿತು. ಪಟ್ಟಿಯ ಹೊತ್ತು ಕಡಿಮೆಯಾಯಿತು. ಎಂಟು ವರ್ಷ ದಾಟಿದರೆ ಮುಗಿಯಿತು ಎನ್ನುತ್ತಿದ್ದವರು, ದೊಡ್ಡ ಮಕ್ಕಳಲ್ಲೂ ಪ್ರಯತ್ನಿಸಿ ನೋಡೋಣ ಎನ್ನತೊಡಗಿದರು. ಮಿದುಳು ನಾವು ಅಂದುಕೊಂಡಷ್ಟು ಬೇಗ ಬಾಗಿಲು ಹಾಕಿಕೊಳ್ಳುವುದಿಲ್ಲ ಎಂದು ಕೇಳಿದಾಗಲೆಲ್ಲ ನನಗೆ ಒಂದು ಬಗೆಯ ನಿರಾಳ.

ಹ್ಞಾಂ, ಆ ದಿನ ಅವರು ಹೊರಟದ್ದನ್ನು ಹೇಳಿ ಮುಗಿಸುತ್ತೇನೆ. ಮೆಟ್ಟಿಲಿಳಿಯುವಾಗ ಸಾನ್ವಿ ಎದುರಿನ ಅಂಗಡಿಯ ಬೋರ್ಡು, ರಿಕ್ಷಾದ ನಂಬರು, ವಿದ್ಯುತ್ ತಂತಿಯ ಮೇಲಿನ ಕಾಗೆ, ಎಲ್ಲವನ್ನೂ ಒಮ್ಮೆ ಒಂದು ಕಣ್ಣು ಮುಚ್ಚಿ, ಒಮ್ಮೆ ಇನ್ನೊಂದು ಮುಚ್ಚಿ ನೋಡುತ್ತ ನಿಂತಿದ್ದಳು. "ಬಾ ಮಗಾ, ಗಾಡಿ ತಪ್ತದೆ" ಎಂದು ವನಿತಾ ಕರೆದರು. ಶೇಖರಣ್ಣ, "ಇರ್ಲಿ, ನೋಡ್ಲಿ. ಮುಂದಿನ ಗಾಡಿಗೆ ಹೋಗುವಾ" ಎಂದರು. ಮೂವರೂ ಆ ಬಿಸಿಲಿನಲ್ಲಿ ನಿಂತರು. ಅವಳು ಕಾಗೆಯನ್ನು ಪೂರ್ತಿ ನೋಡಿ ಮುಗಿಸುವವರೆಗೆ.

ನಿಮ್ಮ ಮನೆಯಲ್ಲೂ ಪಟ್ಟಿ ಕಟ್ಟಿಸಿಕೊಂಡ ಮಗು ಇದೆಯೇ? ಅಥವಾ ಚಿಕ್ಕವರಿದ್ದಾಗ ನೀವೇ ಕಟ್ಟಿಸಿಕೊಂಡವರೇ? ಇಣುಕಿದ್ದಿರಾ, ಬಾಯಿಪಾಠ ಮಾಡಿದ್ದಿರಾ, ಮನೆಯವರು ಏನೇನು ಪಥ್ಯ ಮಾಡಿಸಿದರು? ಪಟ್ಟಿ ಬಿಚ್ಚಿದ ದಿನ ಮೊದಲು ಏನನ್ನು ನೋಡಿದಿರಿ? ಕೆಳಗೆ ಬರೆಯಿರಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಅದನ್ನೆಲ್ಲ ಓದಲಿ.